ಮಗು ಮಾತು ಆಮೇಲೆ, ಮೊದ್ಲು ನಿಮ್ಮ ಮೂಳೆ ಮಾತು

ಹೆಸ್ರು ಹಾಕ್ಬೇಡಿ ಅಂದಿದೀರಿ, ಹಾಕಲ್ಲ. ನಾಲ್ಕು ಪುಟದ ಪತ್ರ, ಎಲ್ಲಾ ಅಚ್ಚು ಹಾಕೋಕೆ ಜಾಗ ಇಲ್ಲ, ಆದ್ರೆ ಬೇರೆ ಓದುಗರಿಗೆ ತಲೆಬುಡ ಗೊತ್ತಾಗ್ಬೇಕಲ್ಲ, ಅದಕ್ಕೆ ಚುಟುಕಾಗಿ ಹೇಳ್ಬಿಡ್ತೀನಿ. ಇವರಿಗೆ 31 ವರ್ಷ, ಮದ್ವೆಯಾಗಿ ನಾಲ್ಕು ವರ್ಷ, ಕೆಲ್ಸ ಬೆಂಗಳೂರಲ್ಲಿ. ಎರಡು ವರ್ಷದಿಂದ ಮುಟ್ಟು ಏರುಪೇರು, ಈಗ ಏಳು ತಿಂಗಳಿಂದ ಬಂದೇ ಇಲ್ಲ. ಆಫೀಸಿನ ಏಸಿ ಕೆಳಗೆ ಕೂತಿದ್ರೂ ಎದೆಯಿಂದ ಮುಖದವರೆಗೆ ಝಳ ಏರುತ್ತೆ, ರಾತ್ರಿ ನೈಟಿ ಒದ್ದೆಯಾಗಿ ಎದ್ದು ಕೂರ್ತಾರೆ. ಒಂದು ಫರ್ಟಿಲಿಟಿ ಸೆಂಟರಿಗೆ ಹೋದ್ರೆ ಡಾಕ್ಟ್ರು ರಿಪೋರ್ಟ್ ನೋಡಿ ಐದೇ ನಿಮಿಷದಲ್ಲಿ 'ನಿಮ್ಮ ಎಗ್ಸ್ ಖಾಲಿಯಾಗಿದೆ, ಮೆನೋಪಾಸ್, ಡೋನರ್ ಎಗ್ಗಿಗೆ ಹೋಗಿ' ಅಂದು ಪ್ಯಾಕೇಜಿನ ಕಾಗದ ಕೈಗಿಟ್ರಂತೆ, ಡಿಸ್ಕೌಂಟು ಈ ತಿಂಗಳ ಕೊನೇವರೆಗೆ ಮಾತ್ರ ಅಂತ ಬೇರೆ. ಇನ್ನೊಬ್ಬ ಡಾಕ್ಟ್ರು ಹಾರ್ಮೋನ್ ಮಾತ್ರೆ ಬರ್ಕೊಟ್ರು, ಅದನ್ನ ಹದಿನೈದು ದಿನ ತಗೊಂಡು, ಮೊಬೈಲಲ್ಲಿ ಕ್ಯಾನ್ಸರ್ ಬರುತ್ತೆ ಅಂತ ಓದಿ ನಿಲ್ಲಿಸಿದಾರೆ. ಗಂಡ 'ಯಾರಿಗೂ ಹೇಳ್ಬೇಡ' ಅಂದಿದಾರೆ. ಅತ್ತೆ ಫೋನ್ ಮಾಡಿದಾಗೆಲ್ಲ 'ಏನಾದ್ರೂ ವಿಶೇಷ ಇದ್ಯಾ' ಅಂತಾರೆ.

ಇದ್ರ ಜೊತೆಗೆ ನಮ್ಮ ಮೇಲೂ ಒಂದು ದೂರು. ನಮ್ಮ ಪತ್ರಿಕೇಲಿ ಮೆನೋಪಾಸ್ ಅಂತ ಬಂದಾಗೆಲ್ಲ ನೆರೆಗೂದಲಿನ, ಬೀಸಣಿಗೆ ಹಿಡಿದ ಐವತ್ತೈದರ ಹೆಂಗಸಿನ ಫೋಟೋ, 'ನನ್ನಂಥವಳು ಎಲ್ಲೂ ಇಲ್ಲ' ಅಂತ.

ದೂರು ಸರಿ. ಅದಕ್ಕಿಂತ ದೊಡ್ಡ ತಪ್ಪೇ ಒಂದಿದೆ, ನೀವು ಬರೆದ ಮೇಲೆ ಹಳೇ ಫೈಲು ಹುಡುಕಿಸಿ ತೆಗೆದೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ, 29 ವಯಸ್ಸು, ಮುಟ್ಟು ನಿಂತು ಐದು ತಿಂಗಳಾಯ್ತು ಅಂತ ಕೇಳಿದ್ಲು. 'ಟೆನ್ಷನ್ ಬಿಡಿ, ಎಳ್ಳು ಬೆಲ್ಲ ತಿನ್ನಿ, ಪಪ್ಪಾಯಿ ತಿನ್ನಿ, ತಾನಾಗೇ ಬರುತ್ತೆ' ಅಂತ ಉತ್ತರ ಕೊಟ್ಟಿದೀವಿ. ಬರೆದವಳು ನಾನೇ. ಆ ಹುಡುಗಿ ಆಮೇಲೆ ಏನಾದ್ಲೋ ಗೊತ್ತಿಲ್ಲ, ಎಳ್ಳು ತಿಂತಾ ಎಷ್ಟು ದಿನ ಕಾದ್ಲೋ. ಹಾಗಾಗಿ ಈ ಸಲ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮೊದಲ ಪ್ರಶ್ನೆ, ಇದು ಮೆನೋಪಾಸಾ ಅಂತ. ನೀವು ಕಳಿಸಿದ ರಿಪೋರ್ಟಲ್ಲಿ ಎಫ್‌ಎಸ್‌ಎಚ್ 62, ಆರು ವಾರ ಬಿಟ್ಟು ಮಾಡ್ಸಿದ್ದು 71. ಈ ಎಫ್‌ಎಸ್‌ಎಚ್ ಅನ್ನೋದು ಓವರೀದಲ್ಲ, ಅಂದ್ರೆ ಅಂಡಾಶಯದ್ದಲ್ಲ, ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಓವರಿಗೆ 'ಏಳು, ಕೆಲ್ಸ ಮಾಡು' ಅಂತ ಕಳಿಸೋ ಹಾರ್ಮೋನು. ಒಳಗಿಂದ ಉತ್ತರ ಬರದೇ ಇದ್ರೆ ಬಾಗಿಲಲ್ಲಿ ನಿಂತವರು ಇನ್ನೂ ಜೋರಾಗಿ ತಟ್ತಾರಲ್ಲ, ಹಾಗೆ ಅದು ಏರ್ತಾ ಹೋಗುತ್ತೆ. ನಲವತ್ತು ವರ್ಷದ ಒಳಗೆ, ನಾಲ್ಕು ತಿಂಗಳಾದ್ರೂ ಮುಟ್ಟು ನಿಂತಿದ್ದು ಅಥವಾ ಏರುಪೇರಾಗಿದ್ದು, ಎಫ್‌ಎಸ್‌ಎಚ್ 25 ದಾಟಿದ್ರೆ ಡಾಕ್ಟರುಗಳು ಅದಕ್ಕೆ ಪ್ರಿಮೆಚ್ಯೂರ್ ಓವೇರಿಯನ್ ಇನ್‌ಸಫಿಷಿಯೆನ್ಸಿ ಅಂತಾರೆ, ಚಿಕ್ಕದಾಗಿ ಪಿಒಐ. ಮೊದ್ಲು ಎರಡು ಸಲ ಟೆಸ್ಟ್ ಕಡ್ಡಾಯ ಅಂತಿದ್ರು, 2024ರಲ್ಲಿ ಯುರೋಪಿನ ಸಂತಾನ ವೈದ್ಯರ ಸಂಘ ಮಾರ್ಗಸೂಚಿ ತಿದ್ದಿ, ಅನುಮಾನ ಇಲ್ಲದಿದ್ರೆ ಒಂದೇ ಸಾಕು ಅಂತು. ನಿಮಗೆ ಎರಡೂ ಆಗಿದೆ. ಎಎಮ್‌ಎಚ್ 0.05 ಅಂತಲೂ ಇದೆ, ಅದು ಓವರೀಲಿ ಎಷ್ಟು ಅಂಡಾಣು ಉಳಿದಿದೆ ಅಂತ ಅಂದಾಜು ಮಾಡೋ ಟೆಸ್ಟು, ಅದನ್ನ ನೋಡಿ ನೀವು ಹೆಚ್ಚು ಹೆದರಿದೀರಿ ಅನ್ಸುತ್ತೆ, ಆದ್ರೆ ಕಾಯಿಲೆ ತೀರ್ಮಾನ ಆಗೋದು ಅದ್ರಿಂದಲ್ಲ. ಮುಟ್ಟು ಗಡಿಯಾರದ ಥರ ಬರ್ತಿರೋ ಹುಡುಗೀರಿಗೂ ಎಎಮ್‌ಎಚ್ ಕಮ್ಮಿ ಬಂತು ಅಂತ ಹೆದರಿಸಿ ಐವಿಎಫ್‌ಗೆ ಕೂರಿಸೋದು ಈಗ ಒಂದು ವ್ಯಾಪಾರ ಆಗ್ಬಿಟ್ಟಿದೆ, ಅದನ್ನ ಇನ್ನೊಂದ್ಸಲ ಬರೀತೀನಿ.

ಮೆನೋಪಾಸ್ ಅಂತ ಕರೀಬೇಕಾ ಅಂದ್ರೆ, ಪೂರ್ತಿ ಹಾಗಲ್ಲ. ಮೊದ್ಲೆಲ್ಲ 'ಓವೇರಿಯನ್ ಫೇಲ್ಯೂರ್' ಅಂತಿದ್ರು, ಈಗ್ಲೂ ಕೆಲವು ರಿಪೋರ್ಟಲ್ಲಿ ಹಾಗೇ ಬರೀತಾರೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದಂಗೆ. 1942ರಷ್ಟು ಹಿಂದೇನೇ ಫುಲ್ಲರ್ ಆಲ್‌ಬ್ರೈಟ್ ಅನ್ನೋ ಅಮೆರಿಕದ ಡಾಕ್ಟ್ರು ಇದನ್ನ ಇನ್‌ಸಫಿಷಿಯೆನ್ಸಿ, ಅಂದ್ರೆ ಸಾಲದೇ ಹೋಗೋದು ಅಂತಲೇ ಕರೆದಿದ್ರು, ಅದೇ ಸರಿಯಾದ ಮಾತು. ಯಾಕಂದ್ರೆ ಐವತ್ತರ ಮೆನೋಪಾಸಲ್ಲಿ ಬಾಗಿಲು ಮುಚ್ಚಿತು ಅಂದ್ರೆ ಮುಚ್ಚಿತು, ಇದ್ರಲ್ಲಿ ಓವರಿ ಆಗಾಗ ಎಚ್ಚರ ಆಗುತ್ತೆ, ಒಂದು ತಿಂಗಳು ಮುಟ್ಟು ಬಂದು ಮತ್ತೆ ಆರು ತಿಂಗಳು ಸುದ್ದಿ ಇರಲ್ಲ. ಪಿಒಐ ಇರೋ ನೂರು ಹೆಂಗಸರಲ್ಲಿ ಐದರಿಂದ ಹತ್ತು ಜನ ಯಾವ ಟ್ರೀಟ್‌ಮೆಂಟೂ ಇಲ್ಲದೇ ಬಸಿರಾಗಿದಾರೆ. ಇದನ್ನ ಕೇಳಿ ಪ್ರತಿ ತಿಂಗಳೂ ಕಾಯ್ತಾ ಕೂರಿ ಅಂತ ಹೇಳ್ತಿಲ್ಲ, ಕಾಯೋ ನೋವು ಏನು ಅಂತ ಪತ್ರದಲ್ಲಿ ನೀವೇ ಬರೆದಿದೀರಿ. ಡಾಕ್ಟ್ರು ಹೇಳಿದ 'ಖಾಲಿ' ಅನ್ನೋ ಮಾತು ಅಷ್ಟು ಖಡಾಖಂಡಿತ ಅಲ್ಲ ಅಂತಷ್ಟೇ. ಮಗು ಬೇಡ ಅನ್ನೋ ಹುಡುಗೀರಿಗೂ ಒಂದು ಮಾತು, ಪಿಒಐ ಇದೆ ಅಂತ ಧೈರ್ಯವಾಗಿ ಇರೋಕಾಗಲ್ಲ, ಇದಕ್ಕೆ ಕೊಡೋ ಹಾರ್ಮೋನ್ ಮಾತ್ರೆ ಬಸಿರು ತಡೆಯಲ್ಲ.

ಎರಡನೇದು, 'ನಾನೇ ಏನೋ ಮಾಡ್ಕೊಂಡ್ನಾ'. ಕಾಲೇಜಲ್ಲಿ ತಗೊಂಡ ಎರಡು ಐ ಪಿಲ್ಲು, ತೊಡೆ ಮೇಲೆ ಲ್ಯಾಪ್‌ಟಾಪು, ನೈಟ್ ಶಿಫ್ಟು, ಡಯಟ್ಟು, ಒಂದು ಲಿಸ್ಟೇ ಮಾಡಿ ಕಳಿಸಿದೀರಿ. ಓದಿ ಸಂಕಟ ಆಯ್ತು. ನೋಡಿಮ್ಮಾ, ಹೆಣ್ಣುಮಗು ಹುಟ್ಟುವಾಗ್ಲೇ ಹತ್ತಿಪ್ಪತ್ತು ಲಕ್ಷ ಅಂಡಾಣು ಇರುತ್ತೆ, ದೊಡ್ಡವಳಾಗೋ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿದಿರುತ್ತೆ, ಅದ್ರಲ್ಲಿ ಇಡೀ ಜೀವನದಲ್ಲಿ ಹೊರಗೆ ಬರೋದು ನಾನೂರೈನೂರು ಮಾತ್ರ, ಉಳಿದಿದ್ದೆಲ್ಲ ಯಾರ ಕೈವಾಡಾನೂ ಇಲ್ಲದೇ ತಾನಾಗೇ ಕರಗಿಹೋಗುತ್ತೆ. ಎರಡು ಮಾತ್ರೆ ನುಂಗಿದ್ರಿಂದ ಆ ರಾಶಿ ಖಾಲಿ ಆಗೋಕೆ ಸಾಧ್ಯನೇ ಇಲ್ಲ. ಕೆಲವರಲ್ಲಿ ಹುಟ್ಟುವಾಗ್ಲೇ ರಾಶಿ ಚಿಕ್ಕದು, ಕೆಲವರಲ್ಲಿ ಕರಗೋ ವೇಗ ಜಾಸ್ತಿ. ಟರ್ನರ್ ಸಿಂಡ್ರೋಮ್ ಥರದ ಕ್ರೋಮೊಸೋಮ್ ತೊಂದ್ರೆ, ಕೀಮೋಥೆರಪಿ, ರೇಡಿಯೇಷನ್, ಓವರಿ ಮೇಲಿನ ಆಪರೇಷನ್, ದೇಹದ ರಕ್ಷಣಾ ವ್ಯವಸ್ಥೆ ತಪ್ಪು ತಿಳ್ಕೊಂಡು ಸ್ವಂತ ಓವರಿ ಮೇಲೇ ತಿರುಗಿ ಬೀಳೋದು, ಇವು ಗೊತ್ತಿರೋ ಕೆಲವು ಕಾರಣ. ಹೆಚ್ಚಿನವರಲ್ಲಿ ಎಷ್ಟು ಹುಡುಕಿದ್ರೂ ಕಾರಣ ಸಿಗಲ್ಲ. ನಿಮ್ಮ ಲಿಸ್ಟನ್ನ ಹರಿದು ಬಿಸಾಕಿ.

ಆದ್ರೆ ಆ ಲಿಸ್ಟಲ್ಲಿ ಇಲ್ಲದ ಎರಡು ವಿಷ್ಯ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸಿಲ್ಲ, ಡಾಕ್ಟ್ರೂ ಕೇಳಿಲ್ಲ.

ಒಂದು, ರಿಪೋರ್ಟಿನ ಎರಡನೇ ಪುಟದಲ್ಲಿ ಟಿಎಸ್‌ಎಚ್ 8.4 ಅಂತ ಇದೆ, ಇರಬೇಕಾಗಿದ್ದಕ್ಕಿಂತ ಜಾಸ್ತಿ. ಥೈರಾಯ್ಡ್! ಅದ್ರ ಬಗ್ಗೆ ಯಾರೂ ಸೊಲ್ಲೆತ್ತಿಲ್ಲ. ಪಿಒಐ ಇರೋರಲ್ಲಿ ಥೈರಾಯ್ಡ್ ತೊಂದ್ರೆ ಜೊತೆಗೇ ಬರೋದು ಬಹಳ ಸಾಮಾನ್ಯ. ಅದ್ರ ಆ್ಯಂಟಿಬಾಡಿ ಟೆಸ್ಟ್ ಮಾಡ್ಸಿ, ಹಾಗೇ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯ ಆ್ಯಂಟಿಬಾಡೀನೂ ನೋಡಿ ಅಂತ ಕೇಳಿ. ಅಡ್ರಿನಲ್ ತೊಂದ್ರೆ ಅಪರೂಪ, ಆದ್ರೆ ಗೊತ್ತಾಗದೇ ಉಳಿದ್ರೆ ಪ್ರಾಣಕ್ಕೆ ಬರುತ್ತೆ.

ಇನ್ನೊಂದು, ಪುಟ ಮೂರರಲ್ಲಿ ಮದ್ವೆಮನೆ ಸುದ್ದಿ ಬರೀತಾ 'ದೊಡ್ಡಮ್ಮನ ಮಗನಿಗೆ ಬುದ್ಧಿ ಬೆಳವಣಿಗೆ ಕಮ್ಮಿ' ಅಂತ ಒಂದು ಸಾಲು ಹಾಗೇ ಬಂದುಹೋಗಿದೆ. ನಿಮ್ಮಮ್ಮನ ಅಕ್ಕನ ಮಗ ತಾನೆ? ಎಕ್ಸ್ ಕ್ರೋಮೊಸೋಮಿನ ಮೇಲೆ ಎಫ್‌ಎಂಆರ್‌1 ಅಂತ ಒಂದು ಜೀನ್ ಇದೆ, ಅದ್ರಲ್ಲಿ ಮೂರಕ್ಷರದ ಒಂದು ತುಂಡು ಮತ್ತೆ ಮತ್ತೆ ಬರುತ್ತೆ, ತೊದಲಿದಂಗೆ. ಆ ತೊದಲು 200 ದಾಟಿದ್ರೆ ಫ್ರಾಜೈಲ್ ಎಕ್ಸ್ ಅನ್ನೋ ಸಮಸ್ಯೆ, ಗಂಡುಮಕ್ಕಳಲ್ಲಿ ಬುದ್ಧಿ ಬೆಳವಣಿಗೆ ಕುಂಠಿತ ಆಗುತ್ತೆ. 55ರಿಂದ 200ರ ಮಧ್ಯೆ ಇದ್ರೆ ಬುದ್ಧಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದ್ರೆ ಅದನ್ನ ಹೊತ್ತ ಹೆಂಗಸರಲ್ಲಿ ಸುಮಾರು ಐದಕ್ಕೆ ಒಬ್ರಿಗೆ ಪಿಒಐ ಬರುತ್ತೆ. ಅದೇ ಮಟ್ಟದಲ್ಲಿರೋ ಕೆಲವು ಗಂಡಸರಿಗೆ ಐವತ್ತು ಅರವತ್ತು ದಾಟಿದ ಮೇಲೆ ಕೈ ನಡುಕ, ನಡಿಗೆಯಲ್ಲಿ ತೂರಾಟ. ಅಮ್ಮನ್ನ ಕೇಳಿ ನೋಡಿ, ಅವರಪ್ಪನಿಗೆ ವಯಸ್ಸಾದ ಮೇಲೆ ಕಾಫಿ ಲೋಟ ಹಿಡಿಯೋಕಾಗದಂಗೆ ಕೈ ನಡುಗ್ತಿತ್ತಾ ಅಂತ. ಇದೇ ಕಾರಣ ಅಂತ ನಾನು ಹೇಳ್ತಿಲ್ಲ, ದೊಡ್ಡಮ್ಮನ ಮಗನಿಗೆ ಬೇರೆ ಏನೋ ಇರ್ಬಹುದು, ಆದ್ರೆ ಒಂದು ರಕ್ತದ ಟೆಸ್ಟಲ್ಲಿ ಗೊತ್ತಾಗೋ ವಿಷ್ಯ. ಕ್ಯಾರಿಯೋಟೈಪ್ ಅನ್ನೋ ಕ್ರೋಮೊಸೋಮ್ ಟೆಸ್ಟ್ ಮಾಡೋವಾಗ್ಲೇ ಇದನ್ನೂ ಬರ್ಕೊಡಿ ಅಂತ ಡಾಕ್ಟ್ರನ್ನ ಕೇಳಿ, ಟೆಸ್ಟಿಗೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಹತ್ರ ಒಂದರ್ಧ ಗಂಟೆ ಕೂತು ಮಾತಾಡಿ.

ಇಲ್ಲೇ ನಿಮ್ಮ 'ತಂಗಿಗೆ ಹೇಳ್ಬೇಕಾ' ಅನ್ನೋದಕ್ಕೂ ಉತ್ತರ ಬಂತು. ಹೇಳಿ. ಜೀನಿನ ವಿಷ್ಯ ಆಗಿದ್ರೆ ಅದು ಅವಳಲ್ಲೂ ಇರ್ಬಹುದು. ಅವಳಿಗೆ 27, ಮದ್ವೆ ಮಾತು ನಡೀತಿದೆ, ಸುದ್ದಿ ಹೊರಗೆ ಬಿದ್ರೆ ಸಂಬಂಧ ತಪ್ಪುತ್ತೆ ಅಂತ ಅಮ್ಮ ಹೆದರ್ತಾರೆ, ಅರ್ಥ ಆಗುತ್ತೆ. ಊರಿಗೆಲ್ಲ ಹೇಳೋದು ಬೇಡ. ಅಕ್ಕ ತಂಗಿ ನಡುವೆ ಬಾಗಿಲು ಹಾಕ್ಕೊಂಡು ಮಾತಾಡೋಕೆ ಯಾರ ಅಪ್ಪಣೇನೂ ಬೇಕಾಗಿಲ್ಲ. ಅವಳಿಗೆ ಈಗ ಗೊತ್ತಾದ್ರೆ ಎಗ್ ಫ್ರೀಜ್ ಮಾಡೋದೋ ಇನ್ನೊಂದೋ, ಯೋಚ್ನೆ ಮಾಡೋಕೆ ಟೈಮ್ ಇದೆ. ನಿಮಗೆ ಆ ಟೈಮ್ ಸಿಗ್ಲಿಲ್ಲ.

ಈಗ ನಾನು ಈ ಪತ್ರ ಬರೆಯೋಕೆ ಕೂತಿದ್ದೇ ಯಾವ ಕಾರಣಕ್ಕೋ ಅಲ್ಲಿಗೆ ಬರ್ತೀನಿ, ಆ ನಿಲ್ಲಿಸಿದ ಮಾತ್ರೆ.

ನಮ್ಮ ಚಿಕ್ಕಮ್ಮನ ಕಥೆ ಹೇಳ್ತೀನಿ. ತಿಪಟೂರು ಕಡೆ ಕೊಟ್ಟಿದ್ರು, ತೆಂಗಿನ ತೋಟದ ಮನೆ. 32ಕ್ಕೆ ಅವರಿಗೆ ಮುಟ್ಟು ನಿಂತ್ಹೋಯ್ತು. ಮಕ್ಕಳಾಗಿರ್ಲಿಲ್ಲ. ಘಾಟಿಗೆ ಹೋಗಿ ನಾಗಪ್ರತಿಷ್ಠೆ ಮಾಡ್ಸಿದ್ರು, ಚನ್ನಪಟ್ಟಣದ ಹತ್ರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸಿದ್ರು, ಯಾರೋ ಹೇಳಿದ ಬೇರು ಅರೆದು ಕುಡಿದ್ರು. ಮೂರ್ನಾಲ್ಕು ವರ್ಷ ಎಲ್ರೂ ಓಡಾಡಿದ್ದೇ ಓಡಾಡಿದ್ದು. ಆಮೇಲೆ ಇನ್ನು ಮಕ್ಕಳಾಗಲ್ಲ ಅಂತ ಖಾತ್ರಿ ಆದ ದಿನ ಓಡಾಟ ನಿಂತಿತು ನೋಡಿ, ಅಲ್ಲಿಗೆ ಚಿಕ್ಕಮ್ಮನ ಮೈಗೆ ಏನಾಗಿದೆ ಅಂತ ಕೇಳೋರೂ ನಿಂತ್ರು. ಸೀಮಂತಕ್ಕೆ ಅವರನ್ನ ಕರೀತಿರ್ಲಿಲ್ಲ, ಕರೆದ್ರೂ ಆರತಿ ಎತ್ತೋಕೆ ಬಿಡ್ತಿರ್ಲಿಲ್ಲ, ಅವರೇ ಅಡುಗೆಮನೇಲಿ ಒಬ್ಬಟ್ಟು ಬೇಯಿಸ್ತಾ ಕೂತಿರ್ತಿದ್ರು. 53ನೇ ವಯಸ್ಸಲ್ಲಿ ಬಚ್ಚಲಲ್ಲಿ ಜಾರಿದ್ರು, ಜೋರಾಗಿ ಬಿದ್ದಿದ್ದೂ ಅಲ್ಲ, ಸೊಂಟದ ಮೂಳೆ ಮುರೀತು. ಮೂಳೆ ಡಾಕ್ಟ್ರು ಎಕ್ಸ್‌ರೇ ಬೆಳಕಿಗೆ ಹಿಡಿದು 'ಎಂಬತ್ತರ ಮುದುಕೀರ ಮೂಳೆ ಇದ್ದಂಗಿದೆ, ಮುಟ್ಟು ಯಾವಾಗ ನಿಂತಿದ್ದಮ್ಮ' ಅಂದ್ರು. ಪಕ್ಕದಲ್ಲಿ ನಾನಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ಆ ಪ್ರಶ್ನೇನ ಅವರ ಸಲುವಾಗಿ ಕೇಳಿದ ಮೊದಲನೇ ಮನುಷ್ಯ ಒಬ್ಬ ಮೂಳೆ ಡಾಕ್ಟ್ರು.

ಈಸ್ಟ್ರೋಜನ್ ಅನ್ನೋದು ಬರೀ ಬಸಿರಿನ ಹಾರ್ಮೋನ್ ಅಲ್ಲ. ಮೂಳೆ ಗಟ್ಟಿಯಾಗಿರೋದು, ರಕ್ತನಾಳ ಮೆತ್ತಗಿರೋದು, ನಿದ್ದೆ, ಮೂಡು, ಕೆಳಗಿನ ಚರ್ಮದ ಹಸಿ, ಎಲ್ಲದಕ್ಕೂ ಅದು ಬೇಕು. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲೋದು ಸರಾಸರಿ 46, 47ಕ್ಕೆ. ನಿಮಗೆ 31. ಇಷ್ಟು ವರ್ಷ ಈಸ್ಟ್ರೋಜನ್ ಇಲ್ಲದೇ ಇದ್ರೆ ಮೂಳೆ ಸವೆಯುತ್ತೆ, ಹೃದಯದ ಕಾಯಿಲೆ ಬೇಗ ಬರೋ ಸಂಭವ ಹೆಚ್ಚು. ಹಾಗಾಗಿ ಪಿಒಐಗೆ ಹಾರ್ಮೋನ್ ಕೊಡೋದು ಬರೀ ಝಳ ಕಮ್ಮಿ ಮಾಡೋಕಲ್ಲ, ಇರಬೇಕಾಗಿದ್ದನ್ನ ವಾಪಸ್ ತುಂಬೋಕೆ. ಥೈರಾಯ್ಡ್ ಕಮ್ಮಿ ಇದ್ರೆ ಥೈರಾಯ್ಡ್ ಮಾತ್ರೆ ತಗೋತೀವಲ್ಲ, ಅದನ್ನ ಯಾರೂ ಗುಟ್ಟಾಗಿ ನುಂಗಲ್ಲವಲ್ಲ, ಹಾಗೇ ಇದು.

ಕ್ಯಾನ್ಸರ್ ಭಯ ಎಲ್ಲಿಂದ ಬಂತು ಅಂದ್ರೆ, 2002ರಲ್ಲಿ ಅಮೆರಿಕದ ವುಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ದೊಡ್ಡ ಅಧ್ಯಯನದ ಒಂದು ಭಾಗವನ್ನ ಅರ್ಧಕ್ಕೇ ನಿಲ್ಲಿಸಿದ್ರು, ಹಾರ್ಮೋನ್ ತಗೊಂಡೋರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚಾಗಿ ಕಂಡಿತ್ತು. ಪ್ರಪಂಚದ ಪೇಪರೆಲ್ಲ ಅದೇ ಸುದ್ದಿ, ನಾವೂ ಹಾಕಿದ್ವಿ. ಯಾರೂ ದೊಡ್ಡಕ್ಷರದಲ್ಲಿ ಹಾಕದೇ ಇದ್ದಿದ್ದು ಏನಂದ್ರೆ, ಅದ್ರಲ್ಲಿದ್ದೋರೆಲ್ಲ 50ರಿಂದ 79 ವರ್ಷದವರು, ಸರಾಸರಿ 63. ಅವರ ದೇಹದಲ್ಲಿ ವಯಸ್ಸಿಗೆ ತಕ್ಕಂಗೆ ಹಾರ್ಮೋನ್ ನಿಂತಿತ್ತು, ಅದ್ರ ಮೇಲೆ ಹೊರಗಿಂದ ಕೊಟ್ರು. ನಿಮ್ಮ ಓರಗೆಯ ಬೇರೆ ಹುಡುಗೀರ ಮೈಯಲ್ಲಿ ಆ ಹಾರ್ಮೋನ್ ತಾನಾಗೇ ಇದೆ, ನಿಮಗೆ ಮಾತ್ರೆ ಮೂಲಕ ಬರ್ತಿದೆ ಅಷ್ಟೇ. ಅಜ್ಜಿ ಮೇಲಿನ ಲೆಕ್ಕ ತಂದು ಮೊಮ್ಮಗಳಿಗೆ ಹಚ್ಚಿದಂಗಾಯ್ತು. ಸುಮಾರು ಐವತ್ತರವರೆಗೆ ತಗೋಬೇಕು ಅನ್ನೋದು ಈಗಿನ ವೈದ್ಯಕೀಯ ಸಲಹೆ. ಗರ್ಭಕೋಶ ಇದ್ದೋರು ಬರೀ ಈಸ್ಟ್ರೋಜನ್ ತಗೋಬಾರ್ದು, ಗರ್ಭಕೋಶದ ಒಳಪದರ ಕೆಡದಂಗೆ ಜೊತೆಗೆ ಪ್ರೊಜೆಸ್ಟ್ರಾನ್ ಇರ್ಲೇಬೇಕು, ನಿಮಗೆ ಬರ್ಕೊಟ್ಟಿರೋ ಚೀಟೀಲಿ ಎರಡೂ ಇದೆ, ಸರಿಯಾಗೇ ಇದೆ. ಸ್ತನ ಕ್ಯಾನ್ಸರ್ ಆಗಿದ್ದೋರಿಗೆ ಇದು ಬೇಡ, ರಕ್ತ ಹೆಪ್ಪುಗಟ್ಟೋ ತೊಂದ್ರೆ, ಲಿವರ್ ತೊಂದ್ರೆ ಇದ್ದೋರು ಮೊದ್ಲೇ ಹೇಳ್ಬೇಕು, ನಿಮಗೆ ಅದ್ಯಾವ್ದೂ ಇಲ್ಲ ಅಂತ ಬರೆದಿದೀರಿ. ನಾನು ಡಾಕ್ಟ್ರಲ್ಲ, ಆ ಚೀಟಿ ಬರೆದ ಡಾಕ್ಟ್ರ ಹತ್ರಾನೇ ವಾಪಸ್ ಹೋಗಿ, ನಿಲ್ಲಿಸಿದ್ದೀನಿ ಅಂತ ನಾಚಿಕೆ ಇಲ್ಲದೇ ಹೇಳಿ, ಮತ್ತೆ ಶುರು ಮಾಡೋ ಮಾತಾಡಿ. ಹೋದಾಗ ಡೆಕ್ಸಾ ಸ್ಕ್ಯಾನ್ ಬರೆಸ್ಕೊಳ್ಳಿ, ಮೂಳೆ ಸಾಂದ್ರತೆ ಅಳೆಯೋದು, ಮಲಗಿದ್ರೆ ಕೆಲವೇ ನಿಮಿಷದ ಕೆಲ್ಸ.

ರಾಗಿ ತಿಂದ್ರೆ ಸಾಕಲ್ವಾ ಅಂತಲೂ ಕೇಳಿದೀರಿ. ನಾನೂ ಮುದ್ದೆ ತಿಂದು ಬೆಳೆದವಳೇ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾಗಿರೋದು 1000 ಹತ್ರ. ತಿನ್ನಿ, ಬಿಸಿಲಲ್ಲಿ ನಡೀರಿ, ಭಾರ ಎತ್ತೋ ವ್ಯಾಯಾಮ ಮಾಡಿ. ಆದ್ರೆ ಗಾರೆಯವನೇ ಬರದೇ ಇದ್ರೆ ಸಿಮೆಂಟು ಎಷ್ಟು ತಂದು ಹಾಕಿದ್ರೂ ಗೋಡೆ ಏಳಲ್ಲ.

ಕೊನೇ ಪುಟದಲ್ಲಿ ಒಂದು ಸಾಲು ಬರೆದು ಪೆನ್ನಲ್ಲಿ ಗೀಚಿ ಹಾಕಿದೀರಿ, ಆದ್ರೂ ಓದೋಕಾಯ್ತು, ಕ್ಷಮ್ಸಿ. ಗಂಡನ ಜೊತೆ ಇರುವಾಗ ನೋವಾಗೋದು, ಉರಿಯೋದು ನಿಮ್ಮ ಮನಸ್ಸಿನ ತಪ್ಪಲ್ಲ, ಪ್ರೀತಿ ಕಮ್ಮಿಯಾಗಿದ್ದೂ ಅಲ್ಲ. ಈಸ್ಟ್ರೋಜನ್ ಇಲ್ಲದೇ ಒಣಗಿರುತ್ತೆ. ಹಚ್ಕೊಳ್ಳೋಕೆ ಕ್ರೀಮ್ ಇದೆ, ಜೆಲ್ ಇದೆ. ಇದನ್ನ ಡಾಕ್ಟ್ರ ಮುಂದೆ ಹೇಳೋಕೆ ಬಾಯಿ ಬರದಿದ್ರೆ ಚೀಟೀಲಿ ಬರೆದು ಕೊಡಿ, ನಮಗೆ ಬರೆದ್ರಲ್ಲ ಹಾಗೆ.

ಮಗು ಮಾತನ್ನ ಬೇಕಂತಲೇ ಹಿಂದಕ್ಕೆ ಹಾಕಿದೆ. ಆ ಪ್ಯಾಕೇಜಿನ 'ತಿಂಗಳ ಕೊನೆ' ಅನ್ನೋದು ಸೀರೆ ಅಂಗಡಿ ಆಷಾಢದ ಸೇಲ್ ಇದ್ದಂಗೆ, ಅದಕ್ಕೆ ನೀವು ಓಡ್ಬೇಕಾಗಿಲ್ಲ. ಡೋನರ್ ಎಗ್ಗಲ್ಲಿ ವಯಸ್ಸಿನ ಲೆಕ್ಕ ಎಗ್ ಕೊಡೋಳದ್ದೇ ಮುಖ್ಯ. 2021ರ ಎಆರ್‌ಟಿ ಕಾಯ್ದೆ (ಐವಿಎಫ್ ಥರದ ಚಿಕಿತ್ಸೆಗಿರೋ ಕಾನೂನು) ಪ್ರಕಾರ ಕೊಡೋಳು 23ರಿಂದ 35 ವರ್ಷದವಳಾಗಿರ್ಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯೋ ಹಾಗಿಲ್ಲ. ತಗೊಳ್ಳೋಳಿಗೆ ಕಾಯ್ದೆ 50ರವರೆಗೆ ಅವಕಾಶ ಕೊಟ್ಟಿದೆ. ಐವತ್ತಕ್ಕೆ ಹೆರಿ ಅಂತಲ್ಲ, ಆದ್ರೆ ಒಂದೆರಡು ವರ್ಷ ಅತ್ತು, ಮಲಗಿ, ಎದ್ದು, ಬೇಕಾ ಬೇಡ್ವಾ ಅಂತ ನಿಧಾನಕ್ಕೆ ಯೋಚಿಸೋಷ್ಟು ಟೈಮ್ ನಿಮಗೆ ಧಾರಾಳವಾಗಿದೆ. ಇನ್ನೊಂದು, ಈಗ ಹಾರ್ಮೋನ್ ತಗೊಂಡ್ರೆ ಗರ್ಭಕೋಶಾನೂ ಚೆನ್ನಾಗಿರುತ್ತೆ, ಮುಂದೆ ಬೇಕಾದ್ರೆ ಅದೇ ಉಪಯೋಗಕ್ಕೆ ಬರುತ್ತೆ. ಅದೇ ಕಾಗದದಲ್ಲಿ 'ಓವೇರಿಯನ್ ರಿಜುವಿನೇಷನ್, ಪಿಆರ್‌ಪಿ' ಅಂತ ಹಾಕಿದಾರೆ, ನಿಮ್ಮದೇ ರಕ್ತದ ಒಂದು ಭಾಗ ತೆಗೆದು ಓವರಿಗೆ ಚುಚ್ಚೋದು. ಇನ್ನೂ ಪ್ರಯೋಗದ ಹಂತದಲ್ಲಿರೋದನ್ನ ದುಡ್ಡಿಗೆ ಮಾರ್ತಿದಾರೆ, ಅದಕ್ಕೆ ಕೈ ಹಾಕ್ಬೇಡಿ ಅಂತಲೇ ನನ್ನ ಮಾತು. ದತ್ತು ಬಗ್ಗೆ ಕೇಳಿದೀರಿ, ಸಾಮಾನ್ಯ ದಾರಿ ಅಂದ್ರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ ಕಾರಾ ಮೂಲಕ ಹೋಗೋದು, ಮದ್ವೆಯಾಗಿ ಎರಡು ವರ್ಷ ಆಗಿರ್ಬೇಕು, ನಿಮಗೆ ಆಗಿದೆ. ಕಾಯೋ ಸಾಲು ಉದ್ದ.

ಮನೆಯೋರ ವಿಷ್ಯ. ಅತ್ತೆ 'ವಿಶೇಷ' ಕೇಳೋದನ್ನ ನಿಲ್ಲಿಸೋ ಕೆಲ್ಸ ನಿಮ್ಮದಲ್ಲ, ಅವರ ಮಗನದು. 'ಯಾರಿಗೂ ಹೇಳ್ಬೇಡ' ಅಂದೋರು ತಮ್ಮಮ್ಮನಿಗೆ ಒಂದು ಮಾತು, 'ಅಮ್ಮ, ಅದನ್ನ ಅವಳ ಹತ್ರ ಕೇಳ್ಬೇಡ, ನನ್ನ ಕೇಳು' ಅಂತ ಹೇಳ್ಲಿ. ಇಲ್ಲಾಂದ್ರೆ ಆ ಗುಟ್ಟು ಕಾಯೋ ಭಾರ ಪೂರ್ತಿ ನಿಮ್ಮ ತಲೆ ಮೇಲೆ. ನಾದಿನಿ ಏನೋ ಡಿವೋರ್ಸ್ ಅಂದ್ರು ಅಂತ ಬರೆದಿದೀರಿ, ಹಿಂದೂ ವಿವಾಹ ಕಾಯ್ದೇಲಿ ಮಕ್ಕಳಾಗಲ್ಲ ಅನ್ನೋದು ಡಿವೋರ್ಸಿಗೆ ಕಾರಣ ಅಲ್ಲ, ಯಾರಾದ್ರೂ ಹೆದರಿಸಿದ್ರೆ ಇಷ್ಟು ಗೊತ್ತಿರ್ಲಿ.

ಮಧ್ಯೆ ಒಂದು ಮಾತು, ನಿಮಗಲ್ಲ, ಬೇರೆ ಓದುಗರಿಗೆ. ಇದು ಸಾಫ್ಟ್‌ವೇರ್ ಹುಡುಗೀರ ಟೆನ್ಷನ್ ಕಾಯಿಲೆ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ತಪ್ಪು. ಬೆಂಗಳೂರಿನ ಐಸೆಕ್ ಅನ್ನೋ ಸಾಮಾಜಿಕ, ಆರ್ಥಿಕ ಅಧ್ಯಯನ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಹಿಡಿದು ನೋಡಿದಾಗ, ಬೇಗ ಮುಟ್ಟು ನಿಲ್ಲೋದು ಓದಿಲ್ಲದ, ಬಡತನದ, ಹೊಲದಲ್ಲಿ ದುಡಿಯೋ ಹೆಂಗಸರಲ್ಲೇ ಹೆಚ್ಚಾಗಿ ಕಂಡಿತ್ತು. ಅದು ಸಾಲದು ಅಂತ ಆಪರೇಷನ್ ಬೇರೆ. 2015ರ ಸುಮಾರಿಗೆ ಕಲಬುರಗಿ ಕಡೆ ತಾಂಡಾಗಳ ಲಂಬಾಣಿ ಹೆಂಗಸರು, ಹೊಟ್ಟೆನೋವು ಅಂತ ಹೋದ್ರೆ ಬೇಕಿಲ್ಲದೇ ಗರ್ಭಕೋಶ ತೆಗೆದ್ರು ಅಂತ ಬೀದಿಗೆ ಬಂದಿದ್ರು, ನೆನಪಿರ್ಬಹುದು. ಜೊತೆಗೆ ಎರಡೂ ಓವರಿ ತೆಗೆದ್ರೆ ಮೂವತ್ತರ ಹೆಂಗಸಿಗೆ ರಾತ್ರೋರಾತ್ರಿ ಮೆನೋಪಾಸ್, ಓವರಿ ಬಿಟ್ರೂ ಅದು ಒಂದಷ್ಟು ಬೇಗ ಸೋಲುತ್ತೆ. ಇಂಥ ಆಪರೇಷನ್ ತಡೆಯೋ ಮಾರ್ಗಸೂಚಿನ ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ 2023ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳಿಗೆ ಹೇಳ್ತು. ಅವರಲ್ಲಿ ಎಷ್ಟು ಜನಕ್ಕೆ ಆಮೇಲೆ ಒಂದು ಹಾರ್ಮೋನ್ ಮಾತ್ರೆ ಸಿಕ್ಕಿರುತ್ತೆ ಹೇಳಿ.

ನಿಮ್ಮ ಊರಿನ ಹೆಸ್ರು, ಆಫೀಸಿನ ಸುಳಿವು, ನಾದಿನಿ ಕೆಲ್ಸ ಎಲ್ಲಾ ತೆಗೆದಿದೀವಿ. ಬೀಸಣಿಗೆ ಫೋಟೋ ಈ ಪುಟದಲ್ಲಿ ಹಾಕ್ಬೇಡಿ ಅಂತ ನಮ್ಮ ಲೇಔಟಿನವರಿಗೆ ಹೇಳಿದೀನಿ, 'ಮತ್ತೇನು ಹಾಕ್ಲಿ ಮೇಡಂ' ಅಂದ್ರು, ಖಾಲಿ ಬಿಡಿ ಅಂದೆ. ಟಿಎಸ್‌ಎಚ್ ವಿಷ್ಯ ಈ ವಾರಾನೇ ನೋಡ್ಸಿ. ಡೆಕ್ಸಾ ರಿಪೋರ್ಟ್ ಬಂದ ಮೇಲೆ ಒಂದು ಸಾಲು ಬರೀರಿ.

— ಸಂಪಾದಕಿ